ಗಾಳಿ, ಕಿಟಕಿ, ಒಗೆದ ಬಟ್ಟೆ



ಆಷಾಢಮಾಸದ ಒಂದು ಮಧ್ಯಾಹ್ನವನ್ನು ತಾವು ಮನಸ್ಸಿಗೆ ತಂದುಕೊಳ್ಳಬೇಕು. ಮೈಸೂರಿನಲ್ಲಾಗಲಿ ಬೆಂಗಳೂರಿನಲ್ಲಾಗಲಿ ಆ ದಿನಗಳ ಲಕ್ಷಣ ನಮ್ಮೆಲ್ಲರಿಗೂ ಪರಿಚಿತವಾದದ್ದೇ. ಬೆಳಗಿನಿಂದ ಸೂರ್ಯದರ್ಶನವಿಲ್ಲ; ಆಕಾಶದ ತುಂಬ ಬೂದಿಬಣ್ಣದ ಮೋಡ; ಆಗೊಮ್ಮೆ ಈಗೊಮ್ಮೆ ನಾಲ್ಕು ತುಂತುರು ಹನಿ. ಪಡುವಣ ಗಾಳಿ ಮಾತ್ರ ಎಡೆಬಿಡದೆ ಬೀಸುತ್ತಿರುತ್ತದೆ. ಹುಡುಗರ ಗಾಳಿಪಟಗಳಿಗೆ ಅದೇ ಸುಗ್ಗಿ. ಇಂಥ ದಿನ ಮಹಡಿಯ ಮೇಲೆ ಹರವಿದ ಪಂಚೆ, ಎರಡು ಮೂರು ಗಂಟೆ ಕಳೆಯುವುದರೊಳಗೆ ಗರಿಗರಿಯಾಗಿ ಒಣಗಿ, ಹಗ್ಗದಿಂದ ಕಿತ್ತುಕೊಂಡು ಹಾರಿಹೋಗಲು ಸಿದ್ಧವಾಗಿರುತ್ತದೆ. ಇನ್ನು ಮೂರು ತಿಂಗಳು ಮುಂದಕ್ಕೆ ಬನ್ನಿ. ಆಶ್ವಯುಜದ ಒಂದು ದಿನ. ರಾತ್ರಿ ಮಳೆ ಹೊಯ್ದಿದೆ. ಬೆಳಿಗ್ಗೆ ಬಿಸಿಲು ಬಂದು ಬಂದು ಹೋಗುತ್ತಿದೆ. ಹಿತ್ತಿಲ ಬಾಳೆಯ ಎಲೆ ಅಲುಗುವುದಿಲ್ಲ. ಅದೇ ಪಂಚೆ, ಅದೇ ಹಗ್ಗ. ಸಂಜೆ ಮುಟ್ಟಿನೋಡಿದರೆ ಕೆಳಗಿನ ಅಂಚು ಇನ್ನೂ ತಣ್ಣಗೆ ಕೈಗೆ ಹತ್ತುತ್ತದೆ.

"ಬಿಸಿಲಿಲ್ಲದ ದಿನ ಒಣಗಿದ ಬಟ್ಟೆ ಬಿಸಿಲಿದ್ದ ದಿನ ಏಕೆ ಒಣಗಲಿಲ್ಲ?" ಎಂದು ನಮ್ಮ ಮನೆಯಲ್ಲಿ ಒಬ್ಬರು ನನ್ನನ್ನು ಕೇಳಿದರು. ಪ್ರಶ್ನೆ ಬಹಳ ಸಣ್ಣದೆಂದು ತೋರಿತು. ಉತ್ತರ ಹೇಳಹೊರಟಾಗ ಅದು ಅಷ್ಟು ಸಣ್ಣದಲ್ಲವೆಂದು ತಿಳಿಯಿತು. ಹಗ್ಗದ ಮೇಲಿನ ಬಟ್ಟೆಯ ಪ್ರಶ್ನೆ, ಮಲಗುವ ಕೋಣೆಯ ಕಿಟಕಿಯ ಪ್ರಶ್ನೆ, ಬಾಣಂತಿಯ ಕೋಣೆಯ ಪ್ರಶ್ನೆ, ಈ ಮೂರೂ ಒಂದೇ ಬಳ್ಳಿಯ ಕಾಯಿಗಳು. ಆ ಬಳ್ಳಿಯನ್ನು ಹಿಡಿದು ಸ್ವಲ್ಪ ದೂರ ಹೋಗುವುದೇ ಈ ಭಾಷಣದ ಉದ್ದೇಶ.

ಒದ್ದೆ ಬಟ್ಟೆಯಲ್ಲಿರುವ ನೀರು ಎಲ್ಲಿಗೆ ಹೋಗುತ್ತದೆ? ಗಾಳಿಗೆ ಹೋಗುತ್ತದೆ ಎಂಬುದನ್ನು ಶಾಲೆಯ ಹುಡುಗನೂ ಹೇಳಬಲ್ಲನು. ಆದರೆ ಗಾಳಿಯು ತಳವಿಲ್ಲದ ಪಾತ್ರೆಯಲ್ಲ. ಒಂದು ಘನ ಮೀಟರ್ ಗಾಳಿ, ಅಂದರೆ ಉದ್ದ ಅಗಲ ಎತ್ತರ ಮೂರರಲ್ಲಿಯೂ ಒಂದೊಂದು ಮೀಟರಿನಷ್ಟಿರುವ ಗಾಳಿ, ೨೦ ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯಲ್ಲಿ ಸುಮಾರು ೧೭ ಗ್ರಾಂ ನೀರಾವಿಯನ್ನು ಮಾತ್ರ ಇಟ್ಟುಕೊಳ್ಳಬಲ್ಲದು. ೨೫ ಡಿಗ್ರಿಯಲ್ಲಿ ಅದು ೨೩ ಗ್ರಾಂ ಆಗುತ್ತದೆ. ೩೦ ಡಿಗ್ರಿಯಲ್ಲಿ ೩೦ ಗ್ರಾಂ. ಅದಕ್ಕಿಂತ ಹೆಚ್ಚು ಬಂದರೆ ಗಾಳಿ ಅದನ್ನು ತಿರುಗಿ ಗೋಡೆಯ ಮೇಲೋ ಕನ್ನಡಿಯ ಮೇಲೋ ಹನಿಯಾಗಿ ಬಿಟ್ಟುಬಿಡುತ್ತದೆ. ಊಟಕ್ಕೆ ಕುಳಿತವನ ಹೊಟ್ಟೆಯಂತೆ ಗಾಳಿಗೂ ಒಂದು ಮಿತಿಯುಂಟು. ಬೆಚ್ಚಗಾದಷ್ಟೂ ಅದರ ಹಸಿವು ಹೆಚ್ಚುತ್ತದೆ ಎನ್ನಬಹುದು. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ನಮ್ಮ ಮನೆಗಳ ಒಂದು ಸಾಮಾನ್ಯವಾದ ಕೋಣೆಯನ್ನು ಲೆಕ್ಕ ಹಾಕಿನೋಡೋಣ.

ಹನ್ನೆರಡು ಅಡಿ ಉದ್ದ, ಹತ್ತು ಅಡಿ ಅಗಲ, ಹತ್ತು ಅಡಿ ಎತ್ತರದ ಕೋಣೆಯಲ್ಲಿ ಸುಮಾರು ೩೪ ಘನ ಮೀಟರ್ ಗಾಳಿಯಿರುತ್ತದೆ. ಮಳೆಗಾಲದ ಒಂದು ದಿನ ಉಷ್ಣತೆ ೨೫ ಡಿಗ್ರಿ ಇದೆಯೆಂದೂ, ಗಾಳಿ ಆಗಲೇ ತನ್ನ ಮಿತಿಯ ನೂರಕ್ಕೆ ಎಂಬತ್ತರಷ್ಟು ತೇವವನ್ನು ಹೊತ್ತಿದೆಯೆಂದೂ ಇಟ್ಟುಕೊಳ್ಳಿ. ಇದು ಅತಿಶಯೋಕ್ತಿಯೇನೂ ಅಲ್ಲ. ಆಗ ಆ ಕೋಣೆಯ ಗಾಳಿಯೆಲ್ಲವೂ ಸೇರಿ ಹೊಸದಾಗಿ ಹೀರಬಲ್ಲ ನೀರು ಸುಮಾರು ೧೫೦ ಗ್ರಾಂ ಮಾತ್ರ. ಕಾಫಿಯ ಒಂದು ಲೋಟದಷ್ಟು! ಕೈಯಿಂದ ಹಿಂಡಿದ ಹತ್ತಿಯ ಬಟ್ಟೆ ಹೆಚ್ಚು ಕಡಿಮೆ ತನ್ನ ತೂಕದಷ್ಟೇ ನೀರನ್ನು ಉಳಿಸಿಕೊಂಡಿರುತ್ತದೆ. ಒಂದು ಮನೆಯ ದಿನದ ಒಗೆತ ಮೂರು ಕಿಲೋಗ್ರಾಂ ಎಂದಿಟ್ಟುಕೊಂಡರೆ, ಗಾಳಿಗೆ ಹೋಗಬೇಕಾದ ನೀರೂ ಮೂರು ಕಿಲೋಗ್ರಾಂ. ಬಾಗಿಲು ಕಿಟಕಿಗಳನ್ನು ಭದ್ರವಾಗಿ ಮುಚ್ಚಿದ ಕೋಣೆಯಲ್ಲಿ ಆ ಬಟ್ಟೆಯನ್ನು ಹರವಿದರೆ ಇಪ್ಪತ್ತರಲ್ಲಿ ಒಂದು ಪಾಲು ಒಣಗುವುದರೊಳಗೆ ಗಾಳಿಯ ಹೊಟ್ಟೆ ತುಂಬಿಹೋಗುತ್ತದೆ. ಆ ಕೋಣೆಯ ಗಾಳಿ ಇಪ್ಪತ್ತು ಬಾರಿ ಬದಲಾದಲ್ಲದೆ ಆ ಬಟ್ಟೆ ಒಣಗುವಂತಿಲ್ಲ. ಅದೇ ಕೋಣೆ ಫಾಲ್ಗುಣದ ಒಣಹವೆಯಲ್ಲಿ, ೩೨ ಡಿಗ್ರಿ ಉಷ್ಣತೆ, ನೂರಕ್ಕೆ ಮೂವತ್ತು ತೇವ ಇರುವಾಗ, ಸುಮಾರು ೮೦೦ ಗ್ರಾಂ ನೀರನ್ನು ಹೀರಬಲ್ಲದು. ಬೇಸಗೆಯಲ್ಲಿ ನಾವು ಒಳಗೆ ಹರವಿದ ಬಟ್ಟೆಯೂ ಒಣಗುವುದೇಕೆ, ಮಳೆಗಾಲದಲ್ಲಿ ಎರಡು ದಿನವಾದರೂ ಮುಗ್ಗಲು ವಾಸನೆ ಬಿಡದಿರುವುದೇಕೆ ಎಂಬುದು ಈ ಎರಡು ಅಂಕಿಗಳಲ್ಲಿಯೇ ಅಡಗಿದೆ.

ಹಾಗಾದರೆ ಬಿಸಿಲಿನ ಕೆಲಸವೇನು? ಒಂದು ಗ್ರಾಂ ನೀರು ಆವಿಯಾಗಲು ಸುಮಾರು ೫೮೦ ಕ್ಯಾಲೊರಿ ಶಾಖ ಬೇಕು. ಅದನ್ನು ಬಿಸಿಲು ಧಾರಾಳವಾಗಿ ಕೊಡುತ್ತದೆ. ಬಿಸಿಲಿಲ್ಲದಾಗ ನೀರು ಆ ಶಾಖವನ್ನು ಸುತ್ತಲಿನ ಗಾಳಿಯಿಂದ ಕಿತ್ತುಕೊಳ್ಳುತ್ತದೆ. ಒದ್ದೆ ಬಟ್ಟೆ ಮುಟ್ಟಿದರೆ ತಣ್ಣಗಿರುವುದಕ್ಕೆ ಇದೇ ಕಾರಣ. ಶಾಖವನ್ನು ತಂದುಕೊಡುವ ಕೆಲಸವನ್ನೂ ಗಾಳಿಯೇ ಮಾಡಬಲ್ಲದು. ಆದರೆ ಆವಿಯನ್ನು ಹೊತ್ತುಕೊಂಡು ಹೋಗುವ ಕೆಲಸವನ್ನು ಬಿಸಿಲು ಮಾಡಲಾರದು. ಒದ್ದೆ ಬಟ್ಟೆಯನ್ನು ಅಪ್ಪಿಕೊಂಡು ತೇವ ತುಂಬಿದ ಗಾಳಿಯ ತೆಳುವಾದ ಒಂದು ಪದರ ನಿಂತಿರುತ್ತದೆ, ಬಟ್ಟೆಯ ಮೇಲೆ ಇನ್ನೊಂದು ಕಾಣದ ಬಟ್ಟೆ ಹೊದಿಸಿದ ಹಾಗೆ. ಬೀಸುವ ಗಾಳಿ ಆ ಹೊದಿಕೆಯನ್ನು ಕ್ಷಣಕ್ಷಣಕ್ಕೂ ಕಿತ್ತೆಸೆಯುತ್ತದೆ. ಆಷಾಢದ ಪಂಚೆ ಮೋಡದ ಕೆಳಗೆ ಒಣಗಿದ್ದು ಹೀಗೆ.

ಇದನ್ನು ತಿಳಿದವರು ಬಟ್ಟೆಯನ್ನು ಹರವುವ ಕ್ರಮವೇ ಬೇರೆಯಾಗುತ್ತದೆ. ಪಂಚೆಯನ್ನು ನಾಲ್ಕು ಮಡಿಕೆ ಮಾಡಿ ಹಗ್ಗದ ಮೇಲೆ ಎಸೆದರೆ ಹೊರಗಿನ ಎರಡು ಮುಖಗಳಿಗೆ ಮಾತ್ರ ಗಾಳಿ. ಒಳಗಿನವು ಒಂದಕ್ಕೊಂದು ತೇವ ಹಂಚಿಕೊಂಡು ಕುಳಿತಿರುತ್ತವೆ. ಎರಡು ಬಟ್ಟೆಗಳ ನಡುವೆ ಒಂದು ಗೇಣು ಬಿಡಬೇಕು. ಕುಪ್ಪಸ ಅಂಗಿಗಳ ತೋಳು, ಕಿಸೆ, ಕಂಠಪಟ್ಟಿಗಳನ್ನು ಬಿಡಿಸಿ ಹರವಬೇಕು. ನೀರೆಲ್ಲ ಕೆಳಕ್ಕೆ ಇಳಿಯುವುದರಿಂದ ಕೊನೆಯಲ್ಲಿ ಉಳಿಯುವ ತೇವ ಕೆಳಗಿನ ಅಂಚಿನದು. ನಡುವೆ ಒಂದು ಸಲ ಬಟ್ಟೆಯನ್ನು ತಲೆಕೆಳಗು ಮಾಡಿದರೆ ಗಂಟೆಗಟ್ಟಲೆ ಸಮಯ ಉಳಿಯುತ್ತದೆ. ನಮ್ಮ ಮಡಿವಾಳರಿಗೆ ಇದನ್ನೆಲ್ಲ ಯಾರೂ ಪಾಠ ಹೇಳಬೇಕಾಗಿಲ್ಲ. ಕೆರೆಯ ಏರಿಯ ಮೇಲೆ ಗಾಳಿ ಹಾಯುವ ಕಡೆಗೆ ನೋಡಿ ಅವರು ಹಗ್ಗ ಕಟ್ಟುತ್ತಿದ್ದರು. ಎರಡು ಎಳೆಯ ಹಗ್ಗವನ್ನು ಹೊಸೆದು, ಹುರಿಯ ಸಂದಿನಲ್ಲಿ ಬಟ್ಟೆಯ ತುದಿಯನ್ನು ಸಿಕ್ಕಿಸುವ ಅವರ ಉಪಾಯವನ್ನು ಕಂಡರೆ, ಬಟ್ಟೆ ಹಿಡಿಯುವ ಚಿಮಟವನ್ನು ಕಂಡುಹಿಡಿದವನು ವೃಥಾ ಶ್ರಮಪಟ್ಟನೆಂದು ನನಗೆ ತೋರುತ್ತದೆ.

ಮಲೆನಾಡಿನವರ ಕಷ್ಟ ಬೇರೆ. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುತ್ತದೆ. ಅಂಥ ಕಡೆ ಆಷಾಢ ಶ್ರಾವಣಗಳಲ್ಲಿ ಹೊರಗಿನ ಗಾಳಿಯೂ ತನ್ನ ಹೊಟ್ಟೆ ತುಂಬಿಸಿಕೊಂಡೇ ಬಂದಿರುತ್ತದೆ. ಅದು ಎಷ್ಟು ಬೀಸಿದರೂ ಫಲ ಸ್ವಲ್ಪವೇ. ಅಲ್ಲಿನವರು ಕಂಡುಕೊಂಡ ಉಪಾಯ ಬಚ್ಚಲಿನ ಹಂಡೆಯ ಒಲೆ. ಆ ಒಲೆಯ ಮೇಲ್ಗಡೆ ಗಳು ಕಟ್ಟಿ ಬಟ್ಟೆ ಹರವುತ್ತಾರೆ. ೨೦ ಡಿಗ್ರಿಯಲ್ಲಿ ತೇವ ತುಂಬಿ ತುಳುಕುತ್ತಿರುವ ಗಾಳಿಯನ್ನು ೩೦ ಡಿಗ್ರಿಗೆ ಕಾಯಿಸಿದರೆ, ಒಂದು ಹನಿ ನೀರನ್ನೂ ತೆಗೆಯದೆಯೇ ಅದು ಮಿತಿಯ ಅರ್ಧಕ್ಕಿಂತ ಸ್ವಲ್ಪ ಹೆಚ್ಚಿನಷ್ಟನ್ನು ಮಾತ್ರ ಹೊತ್ತ ಗಾಳಿಯಾಗುತ್ತದೆ. ಉಳಿದರ್ಧವನ್ನು ಬಟ್ಟೆಯಿಂದ ತೆಗೆದುಕೊಂಡು ಹೆಂಚಿನ ಸಂದುಗಳಲ್ಲಿ ಹೊರಟುಹೋಗುತ್ತದೆ. ಅಂಗಿಗೆ ಹೊಗೆಯ ವಾಸನೆ ಹಿಡಿಯುವುದೇನೋ ನಿಜ. ಮಲೆನಾಡಿನ ಸ್ನೇಹಿತರನ್ನು ಮಳೆಗಾಲದಲ್ಲಿ ಕಣ್ಣುಮುಚ್ಚಿಕೊಂಡೇ ಗುರುತಿಸಬಹುದೆಂದು ನಾವು ವಿನೋದ ಮಾಡುವುದುಂಟು. ಆದರೆ ಇಲ್ಲಿ ಗಮನಿಸಬೇಕಾದದ್ದು ಆ ಹೆಂಚಿನ ಸಂದು. ಅದು ಇಲ್ಲದಿದ್ದರೆ ಒಲೆಯ ಶಾಖವೆಲ್ಲ ವ್ಯರ್ಥ; ಅಷ್ಟೇ ಅಲ್ಲ, ಅಪಾಯ. ಆ ಅಪಾಯದ ಮಾತಿಗೆ ಮುಂದೆ ಬರುತ್ತೇನೆ.

ಮುಗ್ಗಲು ವಾಸನೆಯ ಪ್ರಸ್ತಾಪ ಮಾಡಿದೆನಷ್ಟೆ. ಇದು ನೀರಿನ ವಾಸನೆಯಲ್ಲ, ಬಟ್ಟೆಯ ವಾಸನೆಯೂ ಅಲ್ಲ. ಬಟ್ಟೆ ಬಹಳ ಹೊತ್ತು ತೇವವಾಗಿದ್ದರೆ ಅದರಲ್ಲಿ ಉಳಿದಿರುವ ಸೂಕ್ಷ್ಮಜೀವಿಗಳು ಬೆವರಿನ ಮತ್ತು ಜಿಡ್ಡಿನ ಅಂಶಗಳನ್ನು ತಿಂದು ಬೆಳೆಯುತ್ತವೆ. ೨೦೧೨ರಲ್ಲಿ ಜಪಾನಿನ ಸಂಶೋಧಕರು ಈ ವಾಸನೆಗೆ ಮುಖ್ಯ ಕಾರಣವಾದ ಒಂದು ಜೀವಾಣುವನ್ನು ಗುರುತಿಸಿದರು. ಅದರ ಹೆಸರು ಮೊರಾಕ್ಸೆಲ್ಲಾ ಆಸ್ಲೋಎನ್ಸಿಸ್. ಒಮ್ಮೆ ಒಣಗಿದ ಮಾತ್ರಕ್ಕೆ ಅದು ಸಾಯುವುದಿಲ್ಲ. ಆದ್ದರಿಂದಲೇ ನೋಡಲು ಶುಭ್ರವಾದ, ಮೂಸಿದರೆ ನಿರ್ದೋಷವಾದ ಟವಲು ಮೈ ಒರೆಸಿಕೊಂಡೊಡನೆ ತನ್ನ ಪೂರ್ವಕಥೆಯನ್ನು ಹೇಳತೊಡಗುತ್ತದೆ. ಇದಕ್ಕೆ ಸುಗಂಧದ ಪುಡಿಗಳಿಂದ ಪರಿಹಾರವಿಲ್ಲ. ಕುದಿನೀರಿನಲ್ಲಿ ಅದ್ದಿ, ಬೇಗನೆ ಒಣಗಿಸಬೇಕು. ಬಿಸಿಲಿನಲ್ಲಿ ಒಣಗಿದ ಬಟ್ಟೆಗೆ ಒಂದು ಒಳ್ಳೆಯ ವಾಸನೆಯಿರುತ್ತದೆಯಲ್ಲವೆ? ಅದನ್ನೂ ವಿಜ್ಞಾನಿಗಳು ಬಿಟ್ಟಿಲ್ಲ. ೨೦೨೦ರಲ್ಲಿ ಪ್ರಕಟವಾದ ಒಂದು ಸಂಶೋಧನೆಯಲ್ಲಿ ಟವಲುಗಳನ್ನು ಕತ್ತಲೆಯ ಕೋಣೆಯಲ್ಲಿಯೂ, ಹೊರಗೆ ನೆರಳಿನಲ್ಲಿಯೂ, ಹೊರಗೆ ಬಿಸಿಲಿನಲ್ಲಿಯೂ ಬೇರೆ ಬೇರೆ ಒಣಗಿಸಿ ಪರೀಕ್ಷಿಸಿದರು. ಬಿಸಿಲಿನವುಗಳಲ್ಲಿ ಮಾತ್ರ ಆಲ್ಡಿಹೈಡ್, ಕೀಟೋನ್ ಎಂಬ ಜಾತಿಯ ಕೆಲವು ಪದಾರ್ಥಗಳು ಹುಟ್ಟಿದ್ದವು. ಹೂವುಗಳ ಪರಿಮಳದಲ್ಲಿಯೂ ಇವುಗಳ ಬಂಧುಗಳು ಇವೆ. ಬಿಸಿಲಿಗೆ ಸಲ್ಲಬೇಕಾದ ಗೌರವವನ್ನು ನಾನು ಕಸಿದುಕೊಂಡೆನೆಂಬ ಆಕ್ಷೇಪಣೆಗೆ ಇದು ಸಮಾಧಾನವಾಗಲಿ.

ಇನ್ನು ಹಗ್ಗವನ್ನು ಬಿಟ್ಟು ಮನೆಯೊಳಗೆ ಬರೋಣ. ನಮ್ಮ ಹಳೆಯ ಮನೆಗಳಲ್ಲಿ ಮಡಿಬಟ್ಟೆಯನ್ನು ಯಾರೂ ಮುಟ್ಟದ ಹಾಗೆ ನಡುಮನೆಯ ಸೂರಿಗೆ ತೂಗುಹಾಕಿದ ಬಿದಿರಿನ ಗಳುವಿನ ಮೇಲೆ ಕೋಲಿನಿಂದ ಎತ್ತಿ ಹರವುವ ಪದ್ಧತಿಯಿತ್ತು. ಕೆಲವು ಮನೆಗಳಲ್ಲಿ ಈಗಲೂ ಇದೆ. ಬೆಚ್ಚನೆಯ ಗಾಳಿ ಮೇಲಕ್ಕೆ ಏರುವುದರಿಂದ ಸೂರಿನ ಬಳಿ ಬಟ್ಟೆ ಹರವುವುದು ಯುಕ್ತವಾದದ್ದೇ. ಆದರೆ ಏರಿದ ಗಾಳಿಗೆ ಹೊರಟುಹೋಗಲು ದಾರಿ ಬೇಕು. ತೊಟ್ಟಿಯ ಮನೆಯಲ್ಲಿ ಆ ದಾರಿಯಿತ್ತು. ಮನೆಯ ನಡುವೆ ಆಕಾಶಕ್ಕೆ ತೆರೆದ ಅಂಗಳ, ಸುತ್ತ ಜಗಲಿ, ಹೆಂಚಿನ ನಡುವೆ ಗವಾಕ್ಷಿ. ಮುಂಬಾಗಿಲಿನಿಂದ ಬಂದ ತಣ್ಣನೆಯ ಗಾಳಿ ತೊಟ್ಟಿಯಿಂದ ಮೇಲಕ್ಕೆ ಹೋಗುತ್ತಿತ್ತು. ತೊಟ್ಟಿಗೆ ಗಾಜು ಹೊದಿಸಿ, ಹೆಂಚು ತೆಗೆದು ತಾರಸಿ ಹಾಕಿ, ಗವಾಕ್ಷಿಯನ್ನು ಗಾರೆಯಿಂದ ಮುಚ್ಚಿದ ಮೇಲೂ ಗಳು ಮಾತ್ರ ತನ್ನ ಸ್ಥಳದಲ್ಲಿಯೇ ಉಳಿದುಕೊಂಡಿತು. ಅದು ಒಣಗಿಸಬೇಕಾದ ನೀರೆಲ್ಲ ಈಗ ಗೋಡೆಗೆ ಹತ್ತಿ ಕಪ್ಪು ಬೂಷ್ಟಾಗುತ್ತದೆ.

ಗವಾಕ್ಷವೆಂದರೆ ಹಸುವಿನ ಕಣ್ಣು. ಸಂಸ್ಕೃತದಲ್ಲಿ ಕಿಟಕಿಗೆ ವಾತಾಯನವೆಂಬ ಇನ್ನೊಂದು ಹೆಸರುಂಟು. ಗಾಳಿ ಬರುವ ದಾರಿ ಎಂದು ಅದರ ಅರ್ಥ. ಇಂಗ್ಲಿಷಿನ ವಿಂಡೋ ಎಂಬ ಮಾತೂ ಉತ್ತರದೇಶದ ಹಳೆಯ ಭಾಷೆಯೊಂದರಲ್ಲಿ ಗಾಳಿಯ ಕಣ್ಣು ಎಂಬ ಅರ್ಥದಿಂದ ಬಂದದ್ದು. ಹೆಸರಿಟ್ಟವರಿಗೆ ಕಿಟಕಿ ಏತಕ್ಕಾಗಿ ಇದೆಯೆಂಬುದು ತಿಳಿದಿತ್ತು. ಈಗ ನಮ್ಮಲ್ಲಿ ಅನೇಕರಿಗೆ ಕಿಟಕಿಯೆಂದರೆ ಬೆಳಕಿಗೆ ಗಾಜು, ಕಳ್ಳರಿಗೆ ಸರಳು, ಸೊಳ್ಳೆಗೆ ಬಲೆ, ನೆರೆಯವರಿಗೆ ಪರದೆ. ಗಾಳಿಗಾಗಿ ಅದನ್ನು ತೆರೆಯುವುದು ಕೊನೆಯ ಉಪಯೋಗವಾಗಿಬಿಟ್ಟಿದೆ.

ಮುಚ್ಚಿದ ಕೋಣೆಯಲ್ಲಿ ಉಸಿರು ಕಟ್ಟಿದಂತಾಗುವುದೇಕೆ ಎಂಬುದಕ್ಕೆ ವಿದ್ವಾಂಸರು ಬಹುಕಾಲ ತಪ್ಪು ಉತ್ತರ ಹೇಳುತ್ತಿದ್ದರು. ನಾವು ಬಿಡುವ ಉಸಿರಿನಲ್ಲಿ ನೂರಕ್ಕೆ ಸುಮಾರು ನಾಲ್ಕರಷ್ಟು ಇಂಗಾಲದ ಡೈ ಆಕ್ಸೈಡ್ ಇರುತ್ತದೆ. ನಮ್ಮ ಹಳೆಯ ಪಾಠಪುಸ್ತಕಗಳು ಅಂಗಾರಾಮ್ಲವೆಂದು ಕರೆಯುತ್ತಿದ್ದ ವಾಯು ಇದೇ. ಇದೇ ವಿಷವೆಂದು ಜನ ನಂಬಿದ್ದರು. ಮ್ಯೂನಿಕ್ ನಗರದ ಮ್ಯಾಕ್ಸ್ ಫಾನ್ ಪೆಟೆನ್‌ಕೋಫರ್ ಎಂಬ ಆಚಾರ್ಯರು ೧೮೫೮ರಲ್ಲಿ ಇದನ್ನು ಬಹಳ ವಿವೇಕದಿಂದ ತಿದ್ದಿದರು. ಕೋಣೆಯಲ್ಲಿ ಸೇರುವಷ್ಟು ಅಲ್ಪಪ್ರಮಾಣದಲ್ಲಿ ಈ ವಾಯುವೇ ವಿಷವಲ್ಲ. ಆದರೆ ಅದು ಸಾವಿರಕ್ಕೆ ಒಂದು ಪಾಲನ್ನು ಮೀರಿದರೆ ಆ ಕೋಣೆಯ ಗಾಳಿ ಸಾಕಷ್ಟು ಬದಲಾಗುತ್ತಿಲ್ಲವೆಂದು ತಿಳಿಯಬೇಕು, ಎಂದು ಅವರು ನಿರ್ಣಯಿಸಿದರು. ಇಂದಿಗೂ ಕೋಣೆಗಳ ಗಾಳಿಯನ್ನು ಅಳೆಯುವವರು ಆ ಸಾವಿರಕ್ಕೊಂದರ ಲೆಕ್ಕವನ್ನು ಬಿಟ್ಟಿಲ್ಲ.

ವಿಷವಲ್ಲದಿದ್ದರೆ ಆ ಸಂಕಟ ಯಾವುದರಿಂದ? ೧೯೦೫ರಲ್ಲಿ ಬ್ರೆಸ್ಲಾವ್ ನಗರದಲ್ಲಿ ಫ್ಲ್ಯುಗೆ ಎಂಬ ಆಚಾರ್ಯರ ಶಿಷ್ಯರೂ, ಬಳಿಕ ಲಂಡನ್ನಿನಲ್ಲಿ ಲೆನರ್ಡ್ ಹಿಲ್ ಎಂಬುವರೂ ಇದನ್ನು ಪರೀಕ್ಷಿಸಿದರು. ಜನರನ್ನು ಮುಚ್ಚಿದ ಪೆಟ್ಟಿಗೆಯಂಥ ಸಣ್ಣ ಕೋಣೆಯಲ್ಲಿ ಕೂರಿಸಿದರು. ಸ್ವಲ್ಪ ಹೊತ್ತಿನಲ್ಲಿ ಬೆವರು, ತಲೆಭಾರ, ಚಡಪಡಿಕೆ. ಒಳಗಿದ್ದವರಿಗೆ ಕೊಳವೆಯ ಮೂಲಕ ಹೊರಗಿನ ಶುದ್ಧವಾಯುವನ್ನು ಉಸಿರಾಡಲು ಕೊಟ್ಟರು, ಸಂಕಟ ಕಡಿಮೆಯಾಗಲಿಲ್ಲ. ಹೊರಗಿದ್ದವರಿಗೆ ಒಳಗಿನ ಕೆಟ್ಟ ಗಾಳಿಯನ್ನು ಕೊಳವೆಯಿಂದ ಕೊಟ್ಟರು. ಅವರಿಗೆ ಏನೂ ಆಗಲಿಲ್ಲ. ಕೊನೆಗೆ ಒಳಗೆ ಪಂಖವನ್ನು ತಿರುಗಿಸಿದರು. ಗಾಳಿ ಅದೇ, ಆದರೆ ಕುಳಿತವರಿಗೆ ಹೋದ ಜೀವ ಬಂದಂತಾಯಿತು. ಬಟ್ಟೆಯನ್ನು ಅಪ್ಪಿಕೊಂಡಿದ್ದ ಆ ಕಾಣದ ತೇವದ ಹೊದಿಕೆ ಮನುಷ್ಯನ ಮೈಯನ್ನೂ ಅಪ್ಪಿಕೊಂಡಿರುತ್ತದೆ. ಬೆವರುವ ಮೈ ಹಗ್ಗದ ಮೇಲಿನ ಒದ್ದೆ ಪಂಚೆಗಿಂತ ಬೇರೆಯಲ್ಲ.

ಇದನ್ನು ಕೇಳಿ ಪಂಖವೊಂದಿದ್ದರೆ ಸಾಕು, ಕಿಟಕಿ ಬೇಡವೆಂದು ಯಾರೂ ತಿಳಿಯಬಾರದು. ಪಂಖ ಗಾಳಿಯನ್ನು ಅಲುಗಿಸುತ್ತದೆಯೇ ಹೊರತು ಬದಲಾಯಿಸುವುದಿಲ್ಲ. ಮನೆಗಳಲ್ಲಿ ಈಗ ಕೂರಿಸುತ್ತಿರುವ ತಂಪುಯಂತ್ರಗಳೂ ಬಹುಪಾಲು ಒಳಗಿನ ಗಾಳಿಯನ್ನೇ ತಿರುತಿರುಗಿ ತಣ್ಣಗೆ ಮಾಡುತ್ತವೆ. ನಾಲ್ಕು ಜನ ಮಲಗಿದ ಕೋಣೆಗೆ ರಾತ್ರಿಯ ಎಂಟು ಗಂಟೆಗಳಲ್ಲಿ ಉಸಿರಿನಿಂದಲೂ ಚರ್ಮದಿಂದಲೂ ಸುಮಾರು ಒಂದು ಲೀಟರು ನೀರು ಸೇರುತ್ತದೆ. ಜೊತೆಗೆ ಅವರಲ್ಲಿ ಒಬ್ಬರಿಗೆ ರೋಗವಿದ್ದರೆ ಅದರ ಬೀಜವೂ ಅದೇ ಗಾಳಿಯಲ್ಲಿ ತೇಲುತ್ತಿರುತ್ತದೆ.

ಕ್ಷಯರೋಗದ ವಿಷಯದಲ್ಲಿ ನಮ್ಮ ಹಿರಿಯರು ಇದನ್ನು ಔಷಧವಿಲ್ಲದ ಕಾಲದಲ್ಲಿಯೇ ಕಂಡುಕೊಂಡಿದ್ದರು. ರೋಗದ ಜೀವಾಣುವನ್ನು ರಾಬರ್ಟ್ ಕಾಖ್ ೧೮೮೨ರಲ್ಲಿ ಪ್ರಕಟಪಡಿಸಿದರು. ಅದನ್ನು ಕೊಲ್ಲುವ ಸ್ಟ್ರೆಪ್ಟೊಮೈಸಿನ್ ದೊರೆತದ್ದು ೧೯೪೩ರಲ್ಲಿ. ನಡುವಿನ ಅರವತ್ತು ವರ್ಷ ವೈದ್ಯರ ಕೈಯಲ್ಲಿದ್ದದ್ದು ವಿಶ್ರಾಂತಿ, ಆಹಾರ ಮತ್ತು ತೆರೆದ ಗಾಳಿ. ನಾಲ್ವಡಿ ಕೃಷ್ಣರಾಜ ಒಡೆಯರವರ ಸೋದರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನಲ್ಲಿ ಮೈಸೂರಿನಲ್ಲಿ ಕಟ್ಟಿದ ಕ್ಷಯರೋಗ ಚಿಕಿತ್ಸಾಲಯವು ಆ ಕಾಲದ್ದು. ತೆರೆದ ಗಾಳಿಯಿಂದ ರೋಗಿಗೆ ಎಷ್ಟು ಗುಣವಾಗುತ್ತಿತ್ತೆಂಬ ವಿಷಯದಲ್ಲಿ ವಾದವಿರಬಹುದು. ಪಕ್ಕದ ಮಂಚದವನಿಗೆ ಅದರಿಂದ ರಕ್ಷಣೆಯಾಗುತ್ತಿತ್ತೆಂಬುದರಲ್ಲಿ ವಾದವಿಲ್ಲ. ೨೦೦೭ರಲ್ಲಿ ಪೆರು ದೇಶದ ಲಿಮಾ ನಗರದ ಆಸ್ಪತ್ರೆಗಳಲ್ಲಿ ಇದನ್ನು ಅಳೆದ ಲೆಕ್ಕ ಪ್ರಕಟವಾಯಿತು. ಬಾಗಿಲು ಕಿಟಕಿ ತೆರೆದಿಟ್ಟ ಕೋಣೆಗಳಲ್ಲಿ ಗಾಳಿ ಗಂಟೆಗೆ ಸರಾಸರಿ ೨೮ ಬಾರಿ ಬದಲಾಗುತ್ತಿತ್ತು. ಯಂತ್ರದಿಂದ ಗಾಳಿ ಹಾಯಿಸುವ ಹೊಸ ಕೋಣೆಗಳಲ್ಲಿ ೧೨ ಬಾರಿ. ೧೯೫೦ಕ್ಕೆ ಮೊದಲು ಕಟ್ಟಿದ, ಎತ್ತರದ ಸೂರು ಮತ್ತು ದೊಡ್ಡ ಕಿಟಕಿಗಳ ಹಳೆಯ ಕಟ್ಟಡಗಳಲ್ಲಿ ೪೦ ಬಾರಿ! ಹಳೆಯದೆಲ್ಲ ಒಳ್ಳೆಯದೆಂಬ ವಾದ ನನ್ನದಲ್ಲ. ಆದರೆ ೨೦೨೦ರಲ್ಲಿ ಕೋವಿಡ್ ಬಂದಾಗ ಕೈ ತೊಳೆಯುವ ಮಾತು ಮನೆಮನೆಗೆ ಬೇಗ ಮುಟ್ಟಿತು, ಕಿಟಕಿ ತೆರೆಯುವ ಮಾತು ಬಹಳ ತಡವಾಗಿ ಮುಟ್ಟಿತು ಎಂಬುದನ್ನು ನೆನೆದರೆ, ನಾವು ಮರೆತದ್ದೆಷ್ಟೆಂದು ತಿಳಿಯುತ್ತದೆ.

ಇಲ್ಲಿ ಒಂದು ಮಾತನ್ನು ನ್ಯಾಯಕ್ಕಾಗಿ ಹೇಳಬೇಕು. ೧೮೯೮ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ ಇಕ್ಕಟ್ಟಾದ ಪೇಟೆಯ ಕೆಟ್ಟ ಗಾಳಿಯೇ ಕಾರಣವೆಂದು ಅನೇಕರು ಭಾವಿಸಿದರು. ಬಸವನಗುಡಿ, ಮಲ್ಲೇಶ್ವರಗಳು ಅಗಲವಾದ ಬೀದಿಗಳೊಂದಿಗೆ ಬೆಳೆದುದಕ್ಕೆ ಆ ಭಯವೂ ಒಂದು ಪ್ರೇರಣೆ. ಪ್ಲೇಗು ಗಾಳಿಯಿಂದ ಹುಟ್ಟಿದ್ದಲ್ಲ, ಇಲಿಯ ಚಿಗಟದಿಂದ ಬಂದದ್ದು ಎಂದು ಅನಂತರ ಸ್ಥಿರಪಟ್ಟಿತು. ತಪ್ಪು ಕಾರಣಕ್ಕಾಗಿ ಸರಿಯಾದ ಬೀದಿಗಳನ್ನು ಹಾಕಿದರು. ಈಗ ಆ ಬೀದಿಗಳನ್ನು ವಾಹನಗಳ ಹೊಗೆ ತುಂಬಿದೆ. ದೊಡ್ಡ ರಸ್ತೆಯ ಮೇಲಿನ ಮನೆಯವರು ಕಿಟಕಿಯನ್ನು ಯಾವ ಹೊತ್ತಿನಲ್ಲಿ ತೆರೆಯಬೇಕೆಂಬುದನ್ನು ರಸ್ತೆಯನ್ನು ನೋಡಿಯೇ ನಿಶ್ಚಯಿಸಬೇಕಾಗಿದೆ. ಹಿತ್ತಿಲ ಕಡೆಯ ಕಿಟಕಿ ಅವರಿಗೆ ಹೆಚ್ಚು ಮಿತ್ರ.

ಈಗ ಬಾಣಂತಿಯ ಕೋಣೆಗೆ ಬರುತ್ತೇನೆ. ನಮ್ಮಲ್ಲಿ ಗಾಳಿ ಎಂಬ ಮಾತಿಗೆ ಭಯದ ಅರ್ಥವೂ ಒಂದುಂಟು. ಗಾಳಿ ಸೋಕಿತು, ಗಾಳಿ ಹಿಡಿಯಿತು ಎನ್ನುತ್ತೇವೆ. ಹೆರಿಗೆಯಾದವಳ ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಕೋಣೆಯ ಕಿಟಕಿಗೆ ಅಗುಳಿ, ಸಂದುಗಳಿಗೆ ಚಿಂದಿ. ಈ ಭಯದಲ್ಲಿ ಸತ್ಯಾಂಶವೇ ಇಲ್ಲವೆಂದು ನಾನು ಹೇಳಲಾರೆ. ಎಳೆಯ ಮಗುವಿನ ಮೈ, ತೂಕಕ್ಕೆ ಹೋಲಿಸಿದರೆ, ದೊಡ್ಡವರ ಮೈಗಿಂತ ಬಹಳ ವಿಸ್ತಾರವಾದದ್ದು. ಸ್ನಾನವಾದ ಒದ್ದೆ ಮೈಗೆ ಗಾಳಿ ನೇರವಾಗಿ ಬೀಸಿದರೆ ಅದು ಬೇಗ ತಣ್ಣಗಾಗುತ್ತದೆ, ಅದು ನಿಜವಾಗಿಯೂ ಅಪಾಯ. ಆದ್ದರಿಂದ ಮಗುವನ್ನು ಒರೆಸಿ, ಸುತ್ತಿ, ಗಾಳಿಯ ನೇರದಿಂದ ಓರೆಯಾಗಿ ಮಲಗಿಸಬೇಕು. ಕೋಣೆಯನ್ನು ಮುಚ್ಚಬೇಕೆಂದು ಇದರಿಂದ ಸಿದ್ಧಿಸುವುದಿಲ್ಲ.

ನಮ್ಮ ಅಕ್ಕನ ಮೊದಲ ಬಾಣಂತನ ಮಳೆಗಾಲದಲ್ಲಿ ನಡೆಯಿತು. ಮಗುವಿನ ಬಟ್ಟೆಗಳು ಒಣಗುತ್ತಿರಲಿಲ್ಲ. ನಮ್ಮ ಅಜ್ಜಿ ಕೋಣೆಯಲ್ಲಿಯೇ ಹಗ್ಗ ಕಟ್ಟಿಸಿ, ಕೆಳಗೆ ಇದ್ದಿಲಿನ ಅಗ್ಗಿಷ್ಟಿಕೆಯನ್ನು ಇಡಿಸಿದರು. ಕಿಟಕಿಗಳನ್ನು ಮುಚ್ಚಿ, ಬಾಗಿಲಿನ ಕೆಳಗಿನ ಸಂದಿಗೆ ಗೋಣಿಯನ್ನು ತುರುಕಿದ್ದಾಯಿತು. ಬಟ್ಟೆಗಳು ಒಣಗಿದವು, ಕೋಣೆ ಬೆಚ್ಚಗಿತ್ತು, ಹೊಗೆಯಿರಲಿಲ್ಲ, ವಾಸನೆಯಿರಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಅಕ್ಕ ತಲೆನೋವೆಂದಳು, ವಾಂತಿ ಮಾಡಿಕೊಂಡಳು. ಮಗು ಹಾಲು ಕುಡಿಯದೆ ಜೋಲುಬಿದ್ದಿತ್ತು. ನೋಡಿಕೊಳ್ಳಲು ಇದ್ದ ಹೆಂಗಸು ಹೊರಗೆ ಬರಲೆಂದು ಎದ್ದವಳು ಹೊಸ್ತಿಲಲ್ಲಿಯೇ ಕುಸಿದಳು. ಮಗುವಿಗೂ ತಾಯಿಗೂ ಗಾಳಿ ಸೋಕಿದೆಯೆಂದು ನಿಶ್ಚಯಿಸಿ ಅಜ್ಜಿ ವಿಭೂತಿ ತರಿಸಲು ಹೇಳಿದರು. ನನ್ನ ತಂದೆ ವೈದ್ಯರನ್ನು ಕರೆದುತಂದರು. ಅವರು ನಾಡಿಯನ್ನು ಮುಟ್ಟಲಿಲ್ಲ. ಮೊದಲು ಎರಡು ಕಿಟಕಿಗಳನ್ನೂ ಬಡಿದು ತೆರೆದರು. ಕಾಲಿನಿಂದಲೇ ಅಗ್ಗಿಷ್ಟಿಕೆಯನ್ನು ಹೊರಕ್ಕೆ ನೂಕಿದರು. ತಾಯಿ ಮಗುವನ್ನು ಜಗಲಿಗೆ ಎತ್ತಿಕೊಂಡು ಬರಿಸಿ, ಆಮೇಲೆ ಮಾತನಾಡಿದರು. ಮೂವರೂ ಉಳಿದುಕೊಂಡರು. ಗಾಳಿ ಸೋಕಿದ್ದಲ್ಲ, ಮೂರು ದಿನದಿಂದ ಸೋಕದೆ ಇದ್ದದ್ದು, ಎಂದು ವೈದ್ಯರು ಅಜ್ಜಿಗೆ ಹೇಳಿದರು.

ಇದ್ದಿಲು ಸಾಕಷ್ಟು ಗಾಳಿಯಿಲ್ಲದೆ ಉರಿದಾಗ ಇಂಗಾಲದ ಮಾನಾಕ್ಸೈಡ್ ಎಂಬ ವಾಯು ಹುಟ್ಟುತ್ತದೆ. ಮೇಲೆ ಹೇಳಿದ ಡೈ ಆಕ್ಸೈಡಿನಂತೆ ಇದು ಸಾಧುವಲ್ಲ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣು ಉರಿಯುವುದಿಲ್ಲ. ರಕ್ತದಲ್ಲಿ ಆಮ್ಲಜನಕವನ್ನು ಹೊರುವ ಹೀಮೊಗ್ಲೋಬಿನ್ ಎಂಬ ವಸ್ತುವಿಗೆ ಇದು ಆಮ್ಲಜನಕಕ್ಕಿಂತ ಇನ್ನೂರು ಪಾಲಿಗೂ ಹೆಚ್ಚು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಹೊರುವ ಆಳುಗಳೆಲ್ಲ ಸುಳ್ಳು ಹೊರೆಯನ್ನು ಹೊತ್ತು ನಿಲ್ಲುತ್ತಾರೆ, ನಿಜವಾದ ಹೊರೆಗೆ ಆಳಿಲ್ಲ. ಹೊಗೆಯಿಲ್ಲದ ಕೆಂಡವೇ ಹೊಗೆಯುವ ಕಟ್ಟಿಗೆಗಿಂತ ಮೋಸಗಾರ, ಏಕೆಂದರೆ ಹೊಗೆ ನಮ್ಮನ್ನು ಹೊರಕ್ಕೆ ಅಟ್ಟುತ್ತದೆ. ಅಗ್ಗಿಷ್ಟಿಕೆಗಳು ಪಟ್ಟಣಗಳಲ್ಲಿ ಕಡಿಮೆಯಾಗಿರುವುದರಿಂದ ಇದು ಹಳೆಯ ಕಥೆಯೆಂದು ತಾವು ಭಾವಿಸಬಾರದು. ಇತ್ತೀಚಿನ ವರ್ಷಗಳಲ್ಲಿ ಬೆಂಗಳೂರಿನಲ್ಲಿಯೂ ಇತರ ಊರುಗಳಲ್ಲಿಯೂ ಗಾಳಿಗಂಡಿಯಿಲ್ಲದ ಸ್ನಾನದ ಮನೆಯೊಳಗೆ ಅನಿಲದ ನೀರುಕಾಯಿಸುವ ಯಂತ್ರವನ್ನು ಕೂರಿಸಿ, ಸ್ನಾನಕ್ಕೆ ಹೋದವರು ಹೊರಗೆ ಬಾರದೆ ಹೋದ ವಾರ್ತೆಗಳನ್ನು ನಾವು ಓದಿದ್ದೇವೆ. ಅದೇ ವಾಯು, ಅದೇ ಮುಚ್ಚಿದ ಬಾಗಿಲು. ಅಂಥ ಯಂತ್ರವನ್ನು ಸ್ನಾನದ ಮನೆಯ ಹೊರಗೆ, ತೆರೆದ ಗಾಳಿಯಲ್ಲಿ ಕೂರಿಸಿ ನೀರನ್ನು ಮಾತ್ರ ಕೊಳವೆಯಿಂದ ಒಳಕ್ಕೆ ತರಬೇಕು. ಬಟ್ಟೆ ಒಣಗಲೆಂದು ಸ್ನಾನದ ಮನೆಯ ಗಂಡಿಗೆ ರಟ್ಟು ಹೊಡೆದಿರುವವರು ಯಾರಾದರೂ ಕೇಳುತ್ತಿದ್ದರೆ, ಈ ಭಾಷಣ ಮುಗಿಯುವ ತನಕ ಕಾಯದೆ ಅದನ್ನು ಕಿತ್ತುಹಾಕಬೇಕೆಂದು ಪ್ರಾರ್ಥಿಸುತ್ತೇನೆ.

ಕೋಣೆಯ ಗಾಳಿ ಬದಲಾಗುವುದಕ್ಕೆ ಎಷ್ಟು ತೆರೆಯಬೇಕೆಂದು ಕೇಳಬಹುದು. ಒಂದು ಕಿಟಕಿಯನ್ನು ಪೂರ್ತಿ ತೆರೆಯುವುದಕ್ಕಿಂತ ಎದುರುಬದುರಿನ ಎರಡು ಕಿಟಕಿಗಳನ್ನು ಅರ್ಧರ್ಧ ತೆರೆಯುವುದು ಲೇಸು. ಗಾಳಿಗೆ ಬರುವ ದಾರಿಯಂತೆ ಹೋಗುವ ದಾರಿಯೂ ಬೇಕು. ಹೊರಟುಹೋಗಲಾರದ ಅತಿಥಿ ಒಳಕ್ಕೂ ಬರುವುದಿಲ್ಲ. ಎದುರು ಕಿಟಕಿಯಿಲ್ಲದಿದ್ದರೆ ಒಂದು ಕೆಳಗೆ, ಒಂದು ಸೂರಿನ ಹತ್ತಿರ. ಒಳಗೆ ಬಟ್ಟೆ ಹರವಲೇಬೇಕಾದರೆ ಆ ಎರಡರ ನಡುವೆ ಹರವಿ, ಪಂಖವನ್ನು ಕಿಟಕಿಯ ಕಡೆಗೆ ತಿರುಗಿಸಿಡಬೇಕು. ಮಲಗುವ ಕೋಣೆಯಲ್ಲಿ ಹರವುವುದು ಬೇಡ.

ನಮ್ಮ ಅಜ್ಜಿಯ ವಿಷಯವನ್ನು ಅರ್ಧಕ್ಕೆ ಬಿಟ್ಟೆ. ಆ ದಿನದಿಂದ ಬಾಣಂತಿಯ ಕೋಣೆಯ ಮೇಲುಗಡೆಯ ಗವಾಕ್ಷಿ ತೆರೆದೇ ಇತ್ತು. ಮಗುವಿನ ಬಟ್ಟೆಗಳು ಹಿಂದಿನ ಜಗಲಿಗೆ ಹೋದವು. ಆದರೆ ಒಂದು ವಿಷಯದಲ್ಲಿ ಅವರು ಮಣಿಯಲಿಲ್ಲ. ಸೂರ್ಯ ಮುಳುಗುವುದರೊಳಗೆ ಮಗುವಿನ ಬಟ್ಟೆಯೆಲ್ಲ ಒಳಗೆ ಬರ ತಕ್ಕದ್ದು. ರಾತ್ರಿ ಹೊರಗೆ ಬಿದ್ದ ಬಟ್ಟೆಯನ್ನು ಮಗುವಿಗೆ ಹಾಕಕೂಡದು. ಗಾಳಿಯ ಭಯ ಇನ್ನೂ ಹೋಗಿಲ್ಲವೆಂದು ನಾವು ಮಕ್ಕಳು ನಗುತ್ತಿದ್ದೆವು. ಬಹಳ ವರ್ಷಗಳ ಮೇಲೆ ನಾನು ವಿಲಿಯಮ್ ಚಾರ್ಲ್ಸ್ ವೆಲ್ಸ್ ಎಂಬ ವೈದ್ಯನು ೧೮೧೪ರಲ್ಲಿ ಇಬ್ಬನಿಯ ಮೇಲೆ ಪ್ರಕಟಿಸಿದ ಪ್ರಬಂಧದ ವಿಷಯವನ್ನು ತಿಳಿದುಕೊಂಡೆ. ಆತನು ತೂಕಮಾಡಿದ ಉಣ್ಣೆಯ ಸಣ್ಣ ಉಂಡೆಗಳನ್ನು ರಾತ್ರಿ ಹೊರಗಿಟ್ಟು, ಆಮೇಲೆ ಅವನ್ನು ತಿರುಗಿ ತೂಗುತ್ತಿದ್ದನು. ಮೋಡವಿಲ್ಲದ, ಗಾಳಿಯಿಲ್ಲದ ರಾತ್ರಿಗಳಲ್ಲಿ ತೆರೆದ ಆಕಾಶದ ಕೆಳಗಿನ ಉಣ್ಣೆ ತನ್ನ ಶಾಖವನ್ನೆಲ್ಲ ಮೇಲಕ್ಕೆ ಬಿಟ್ಟುಕೊಟ್ಟು ಸುತ್ತಲಿನ ಗಾಳಿಗಿಂತ ತಣ್ಣಗಾಗಿ, ಗಾಳಿಯ ನೀರಾವಿಯನ್ನು ತನ್ನ ಮೇಲೆ ಹನಿಯಾಗಿ ಇಳಿಸಿಕೊಳ್ಳುತ್ತಿತ್ತು. ಮರೆಯ ಕೆಳಗಿನದು ಅಷ್ಟು ನೆನೆಯುತ್ತಿರಲಿಲ್ಲ. ಹಗ್ಗದ ಮೇಲಿನ ಬಟ್ಟೆಗೂ ಅದೇ ಗತಿ. ಸಂಜೆ ಒಣಗಿದ್ದದ್ದು ಬೆಳಿಗ್ಗೆ ಮತ್ತೆ ಒದ್ದೆ. ಈ ಪ್ರಬಂಧದ ಸಾರವನ್ನು ನಾನು ಅಜ್ಜಿಗೆ ಓದಿ ಹೇಳಬೇಕೆಂದಿದ್ದೆ. ಆ ವೇಳೆಗೆ ಅವರು ಇರಲಿಲ್ಲ. ಅಕ್ಕನ ಸೊಸೆ ಈಗ ಸಂಜೆಯಾಗುತ್ತಲೇ ಮಹಡಿ ಹತ್ತಿ ಹೋಗಿ ಮೊಮ್ಮಗುವಿನ ಬಟ್ಟೆಗಳನ್ನು ತೆಗೆದುಕೊಂಡು ಬರುತ್ತಾಳೆ. ಕೆಳಕ್ಕೆ ಬಂದವಳು ಮಲಗುವ ಕೋಣೆಯ ಕಿಟಕಿಯನ್ನು ತೆರೆಯುತ್ತಾಳೆ.